ತೆನೆಗೆ ಬಂದ ಮನಿಯಾರ್ಡರು

ಕಳೆದ ಎಳ್ಳಮಾವಾಸ್ಯೆಗೆ ನಾವು ಊರಿಗೆ ಹೋಗಿದ್ದೆವು. ಈ ಪುಟದಲ್ಲಿ ಮೂರು ತಿಂಗಳಿಗೊಮ್ಮೆ ‘ನಾವು’ ಎಂದು ಬರೆದುಕೊಳ್ಳುವವರು ಒಬ್ಬರೇ ಎಂಬುದು ವಾಚಕರಿಗೆ ಗೊತ್ತೇ ಇದೆ. ಈ ಸಲ ಮಾತ್ರ ಮನೆಯವರು, ಮಗಳು, ಮೂರು ಚೀಲ, ಒಂದು ಬುತ್ತಿಯ ಡಬ್ಬಿ ಎಲ್ಲ ಸೇರಿ ನಾವು ನಿಜವಾಗಿಯೂ ನಾವೇ ಆಗಿದ್ದೆವು. ಮುಂಬಯಿಯಿಂದ ಸೊಲ್ಲಾಪುರದವರೆಗೆ ರಾತ್ರಿಯ ಗಾಡಿ. ಅಲ್ಲಿಂದ ವಿಜಯಪುರದ ದಾರಿಯಲ್ಲಿ ಬಸ್ಸು. ಬಸ್ಸಿಳಿದ ಮೇಲೆ ಹಿಂದೆಲ್ಲ ಅಣ್ಣನ ಬಂಡಿ ಕಾದಿರುತ್ತಿತ್ತು. ಈ ಸಲ ಬಂಡಿ ಇರಲಿಲ್ಲ, ಅಣ್ಣನೊಬ್ಬನೇ ನಿಂತಿದ್ದ. ಚೀಲ ಹೊತ್ತುಕೊಂಡು ನಡೆದೇ ಹೋದೆವು. ಬಂಡಿಯ ವಿಷಯ ಮುಂದೆ ಬರುತ್ತದೆ.

ಎಳ್ಳಮಾವಾಸ್ಯೆಯ ದಿನ ನಮ್ಮ ಕಡೆ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಎಲ್ಲ ಮುಗಿದ ಮೇಲೆ ಅಣ್ಣ ಬದುವಿನ ಬದಿಗೆ ಕುಳ್ಳಿನ ಕೆಂಡ ಮಾಡಿ, ಹಾಲುಗಾಳು ಕಟ್ಟಿದ ಬಿಳಿಜೋಳದ ತೆನೆಗಳನ್ನು ಅದರಲ್ಲಿ ಹುದುಗಿಸಿದ. ಹುರಿದ ತೆನೆಯನ್ನು ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಹಸಿರು ಕಾಳನ್ನು ಮಗಳ ಕೈಗೆ ಹಾಕಿದ. ಇದೇ ಸೀತನಿ, ಸಿಹಿತೆನೆ ಎಂಬ ಮಾತೇ ಬಾಯಲ್ಲಿ ಸವೆದು ಹೀಗಾಗಿದೆ. ಮಹಾರಾಷ್ಟ್ರದ ನೆರೆಹೊರೆಯವರು ಇದನ್ನೇ ಹುರಡಾ ಎನ್ನುತ್ತಾರೆ. ಚಳಿಗಾಲದಲ್ಲಿ ಪುಣೆಯ ಜನ ಕಾರು ಕಟ್ಟಿಕೊಂಡು ಹೊಲ ಹುಡುಕಿ ಹೋಗುವುದು ಇದಕ್ಕಾಗಿಯೇ.

ಮಗಳು ಬಾಯ್ತುಂಬ ಅಗಿಯುತ್ತ ಕೇಳಿದಳು: “ದೊಡ್ಡಪ್ಪ, ಇದು ಇಷ್ಟು ಸಿಹಿಯಾಗಿದೆಯಲ್ಲ, ಮತ್ತೆ ಜೋಳದ ರೊಟ್ಟಿ ಯಾಕೆ ಸಿಹಿ ಇರೋದಿಲ್ಲ?”

ಅಣ್ಣ ನಕ್ಕ. “ಸಣ್ಣಾವಿದ್ದಾಗ ಎಲ್ಲಾರೂ ಸಿಹೀನ ಇರ್ತಾರವ್ವಾ. ದೊಡ್ಡಾವಾದ ಮ್ಯಾಲ ಹೊಟ್ಟಿ ತುಂಬಸ್ತಾರ.”

ಆಮೇಲೆ ನಮ್ಮ ಕಡೆ ತಿರುಗಿ, ನಗದೆ ಹೇಳಿದ: “ಸಿಹಿ ಹೋಗ್ಲಿ. ಹಿಂದಿನ ಸಲ ತೆನಿ ಬಂದು ಕಾಳ ಯಾಕ ಕೂಡಲಿಲ್ಲ? ನಿಮ್ಮ ಪುಸ್ತಕದಾಗ ಅದನ್ನ ಏನರ ಬರದಾರೇನು?”

ಎರಡು ವರ್ಷದ ಹಿಂದಿನ ಮಾತದು. ಹಿಂಗಾರಿ ಜೋಳವೆಂದರೆ ಎರೆಭೂಮಿ ಹಿಡಿದಿಟ್ಟುಕೊಂಡ ಹಸಿಯ ಮೇಲೆ ಬದುಕುವ ಬೆಳೆ. ಆ ವರ್ಷ ಮಳೆ ಬೇಗ ನಿಂತಿತು. ನೆಲ ಬೇಗ ಬಿರಿಯಿತು. ಆದರೂ ದಂಟು ಆಳೆತ್ತರ ಬಂತು, ತೆನೆಯೂ ಹೊರಬಂತು. ಬೆರಳಲ್ಲಿ ಹಿಚುಕಿದರೆ ಅರ್ಧ ತೆನೆ ಜೊಳ್ಳು. “ಕಣಿಕಿ ಬಂತು, ಕಾಳ ಬರಲಿಲ್ಲ” ಎಂದು ಅಣ್ಣ ಫೋನಿನಲ್ಲಿ ಒಂದೇ ಮಾತು ಹೇಳಿ ಸುಮ್ಮನಾಗಿದ್ದ. ಬಾಡಿ ಸತ್ತಿದ್ದರೆ ಅವನಿಗೆ ಅಷ್ಟು ನೋವಾಗುತ್ತಿರಲಿಲ್ಲವೇನೋ. ಬದುಕಿ ನಿಂತ ಬೆಳೆ ತನ್ನ ಮಕ್ಕಳನ್ನು ತಾನೇ ಕೈಬಿಟ್ಟಿತಲ್ಲ ಎಂಬುದು ಅವನಿಗೆ ಒಗಟಾಗಿತ್ತು.

ಮಗಳ ಪ್ರಶ್ನೆ ಒಂದು, ಅಣ್ಣನ ಪ್ರಶ್ನೆ ಒಂದು. ಮುಂಬಯಿಗೆ ಮರಳಿ, ಬಲ್ಲವರನ್ನು ಕೇಳಿ, ನಾಲ್ಕಾರು ಬರಹಗಳನ್ನು ತಿರುವಿಹಾಕಿದ ಮೇಲೆ ನಮಗೆ ತಿಳಿದದ್ದೇನೆಂದರೆ, ಎರಡಕ್ಕೂ ಉತ್ತರ ಒಂದೇ ಕಡೆ ಇದೆ. ಅದನ್ನೇ ಈ ಸಲ ವಾಚಕರ ಮುಂದಿಡುತ್ತೇವೆ.

*

ಮೊದಲು ಮಗಳ ಪ್ರಶ್ನೆ. ಎಲೆ ಬಿಸಿಲು, ನೀರು, ಗಾಳಿ ಈ ಮೂರನ್ನು ಕೂಡಿಸಿ ಸಕ್ಕರೆ ಮಾಡುತ್ತದೆ. ನಾವು ಚಹಕ್ಕೆ ಹಾಕಿಕೊಳ್ಳುವ ಸಕ್ಕರೆ ಯಾವುದೋ, ಗಿಡದ ನಾಳಗಳಲ್ಲಿ ಹರಿದು ಎಲೆಯಿಂದ ತೆನೆಗೆ ಹೋಗುವುದೂ ಅದೇ. ಅದರ ಹೆಸರು ಸುಕ್ರೋಸ್. ಒಂದು ಗ್ಲೂಕೋಸ್, ಒಂದು ಫ್ರಕ್ಟೋಸ್ ಕೈಹಿಡಿದು ನಿಂತ ಜೋಡಿ ಅದು. ಕಾಳು ಎಳೆಯದಾಗಿದ್ದಾಗ ಈ ಸಕ್ಕರೆಗಳು ಅದರಲ್ಲಿ ತುಂಬಿರುತ್ತವೆ. ಅದೇ ಸೀತನಿಯ ಸಿಹಿ. ದಿನ ಕಳೆದಂತೆ ಕಾಳು ಗ್ಲೂಕೋಸಿನ ಮಣಿಗಳನ್ನು ಒಂದಕ್ಕೊಂದು ಪೋಣಿಸಿ ಉದ್ದನೆಯ ಸರ ಮಾಡುತ್ತದೆ. ಆ ಸರವೇ ಪಿಷ್ಟ. ಪೋಣಿಸಿದ ಸರಕ್ಕೆ ನಾಲಗೆಯ ಮೇಲೆ ಸಿಹಿಯಿಲ್ಲ. ಆದರೆ ಜೋಳದ ರೊಟ್ಟಿಯ ತುಣುಕೊಂದನ್ನು ನುಂಗದೆ ಎರಡು ನಿಮಿಷ ಅಗಿಯುತ್ತ ಹೋಗಿ. ಮೆಲ್ಲಗೆ ಸಿಹಿ ಮೂಡುತ್ತದೆ. ಎಂಜಲಿನ ಕಿಣ್ವ ಸರವನ್ನು ಕಡಿಯುತ್ತದೆ. ಸಿಹಿ ಎಲ್ಲಿಯೂ ಹೋಗಿರಲಿಲ್ಲ. ಗಂಟು ಕಟ್ಟಿಕೊಂಡು ಕುಳಿತಿತ್ತು, ಅಷ್ಟೆ.

ಮುಂಬಯಿಯ ಬೀದಿಗಳಲ್ಲಿ ಬೆಣ್ಣೆ ಮಸಾಲೆ ಹಾಕಿ ಬಟ್ಟಲಲ್ಲಿ ಮಾರುವ ಸ್ವೀಟ್ ಕಾರ್ನ್ ಉಂಟಲ್ಲ, ಅದರ ಗುಟ್ಟೂ ಇದೇ. 1953ರಲ್ಲಿ ಅಮೆರಿಕೆಯ ಇಲಿನಾಯ್ ವಿಶ್ವವಿದ್ಯಾಲಯದ ಜಾನ್ ಲಾಫ್‌ನನ್ ಎಂಬವರು, ಒಣಗಿದರೆ ಸುಕ್ಕುಗಟ್ಟುವ ಒಂದು ಬಗೆಯ ಮೆಕ್ಕೆಜೋಳ ಎಳೆಯದರಲ್ಲಿ ಅಸಾಧಾರಣ ಸಿಹಿಯೆಂದು ಬರೆದರು. ಪಿಷ್ಟದ ಸರ ಪೋಣಿಸುವ ಕೆಲಸಕ್ಕೆ ಬೇಕಾದ ಕಿಣ್ವವೊಂದು ಅದರಲ್ಲಿ ಕುಂಟುತ್ತದೆ. ಬಂದ ಸಕ್ಕರೆ ಸಕ್ಕರೆಯಾಗಿಯೇ ಉಳಿಯುತ್ತದೆ. ತಿನ್ನುವವರಿಗೆ ಸುಖ, ಆದರೆ ಆ ಕಾಳಿನ ಬೀಜ ನೋಡಿದರೆ ಮುದುಕರ ಕೆನ್ನೆಯಂತೆ ಒಳಗೆ ಹೋಗಿರುತ್ತದೆ. ಗಳಿಕೆ ಬಂತು, ಗಂಟಾಗಲಿಲ್ಲ.

ಇಷ್ಟಾದರೆ ಸಕ್ಕರೆ ಬರೀ ಸಾಮಾನು ಎಂದಾಯಿತು: ಎಲೆ ಕಳಿಸಿತು, ಕಾಳು ಕೂಡಿಟ್ಟಿತು. ಬಹಳ ಕಾಲ ವಿದ್ವಾಂಸರೂ ಹಾಗೆಯೇ ತಿಳಿದಿದ್ದರು. ಈಚಿನ ಮೂರು ನಾಲ್ಕು ದಶಕಗಳಲ್ಲಿ ತಿಳಿದುಬಂದ ಹೊಸ ಸಂಗತಿಯೆಂದರೆ, ಸಕ್ಕರೆ ಕಾಳಿಗೆ ಅನ್ನ ಮಾತ್ರವಲ್ಲ, ಸುದ್ದಿಯೂ ಹೌದು. ಕಾಳು ಅದನ್ನು ಉಣ್ಣುವುದಷ್ಟೇ ಅಲ್ಲ, ಓದುತ್ತದೆ ಕೂಡ.

*

ಇದನ್ನು ಕೇಳಿದಾಗ ನಮಗೆ ನೆನಪಾದದ್ದು ನಮ್ಮ ತಂದೆಯವರ ಮನಿಯಾರ್ಡರು. ಅವರು ಪರಳದ ಕಡೆ ಗಿರಣಿಯಲ್ಲಿದ್ದರು. ಅಜ್ಜಿ, ಅವ್ವ, ನಾವು ಮಕ್ಕಳು ಊರಲ್ಲಿ. ತಿಂಗಳಿಗೊಮ್ಮೆ ಪೋಸ್ಟಿನವನು ಹಣ ಎಣಿಸಿಕೊಟ್ಟು, ಫಾರಮ್ಮಿನ ಕೊನೆಯ ತುಂಡನ್ನು ಹರಿದು ಕೊಡುತ್ತಿದ್ದ. ಆ ಕೂಪನ್ನಿನಲ್ಲಿ ಎರಡು ಸಾಲು ಬರೆಯಲು ಜಾಗವಿರುತ್ತಿತ್ತು. ಅಜ್ಜಿ ಹಣವನ್ನು ಸೆರಗಿಗೆ ಕಟ್ಟಿಕೊಳ್ಳುವ ಮೊದಲು ಕೂಪನ್ನು ಓದಿಸುತ್ತಿದ್ದಳು. “ಓವರ್‌ಟೈಮ್ ಸಿಕ್ಕಿದೆ, ಮುಂದಿನ ತಿಂಗಳೂ ಇದೆ” ಎಂದಿದ್ದರೆ ಆ ತಿಂಗಳು ಮಾಳಿಗೆಯ ಸೋರು ಕಟ್ಟುವ ಮಾತು, ಹುಡುಗನ ಶಾಲೆಯ ಮಾತು. “ಗಿರಣಿ ಬಂದಾಗುವ ಹಾಗಿದೆ” ಎಂದಿದ್ದರೆ, ಕೈಯಲ್ಲಿ ಹಣವಿದ್ದರೂ ಅಜ್ಜಿ ಬೀಗದ ಕೈ ಸೊಂಟಕ್ಕೆ ಬಿಗಿದುಕೊಳ್ಳುತ್ತಿದ್ದಳು. ಕೆಲಸವಾಗುತ್ತಿದ್ದುದು ಹಣದಿಂದ, ಏನು ಕೆಲಸವಾಗಬೇಕೆಂಬುದು ಗೊತ್ತಾಗುತ್ತಿದ್ದುದು ಕೂಪನ್ನಿನಿಂದ.

ಕಾಳಿನ ಮನೆಯಲ್ಲೂ ಹೆಚ್ಚು ಕಡಿಮೆ ಇದೇ ವ್ಯವಹಾರ.

ಹೂ ಕಟ್ಟಿದ ಮೇಲೆ ಕಾಳಿನ ಬಾಳಿನಲ್ಲಿ ಎರಡು ಕಾಲಗಳಿವೆ. ಮೊದಲಿನದು ಕಟ್ಟಡದ ಕಾಲ. ಕಾಳಿನ ತಿರುಳಿನಲ್ಲಿ ಜೀವಕೋಶಗಳು ಒಂದು ಎರಡಾಗಿ, ಎರಡು ನಾಲ್ಕಾಗಿ ಹೆಚ್ಚುತ್ತವೆ. ಗೋಧಿಯಲ್ಲಿ ಇದು ಸುಮಾರು ಎರಡು ವಾರ ನಡೆಯುತ್ತದೆ. ಆಮೇಲೆ ಬರುವುದು ತುಂಬುವ ಕಾಲ: ಕೋಶಗಳ ಸಂಖ್ಯೆ ಅಲ್ಲಿಗೆ ನಿಂತು, ಇದ್ದ ಕೋಶಗಳೊಳಗೆ ಪಿಷ್ಟ ಕೂಡುತ್ತದೆ. ಕೋಣೆ ಎಷ್ಟು ಕಟ್ಟಿತ್ತೋ ಅಷ್ಟೇ ದವಸ ಹಿಡಿದೀತು. ಹೊಸ್ತಿಲ ಹೊರಗೆ ಆಮೇಲೆ ಚೀಲಗಟ್ಟಲೆ ಬಂದು ಬಿದ್ದರೂ ಪ್ರಯೋಜನವಿಲ್ಲ.

ಹಾಗಾದರೆ ಕಟ್ಟುವುದು ಸಾಕು, ಇನ್ನು ತುಂಬು ಎಂದು ಹೇಳುವವರು ಯಾರು? ಜರ್ಮನಿಯ ಗಾಟರ್ಸ್‌ಲೇಬನ್ ಎಂಬ ಊರಿನ ಸಂಶೋಧನಾಲಯದಲ್ಲಿ ವೋಬುಸ್, ವೇಬರ್, ಬೋರಿಸ್ಯುಕ್ ಮೊದಲಾದವರು 1990ರ ದಶಕದಲ್ಲಿ ಮೊದಲು ಬಾಕಳೆ ಎಂಬ ಅವರೆಯ ಜಾತಿಯ ಕಾಳಿನಲ್ಲಿ, ಅನಂತರ ಬಾರ್ಲಿಯಲ್ಲಿ, ಎಲ್ಲಿ ಯಾವ ಸಕ್ಕರೆ ಎಷ್ಟಿದೆಯೆಂದು ನಕಾಶೆ ತೆಗೆದಂತೆ ಅಳೆದರು. ಬಿಡಿ ಸಕ್ಕರೆಗಳು, ಅಂದರೆ ಗ್ಲೂಕೋಸ್ ಫ್ರಕ್ಟೋಸ್‌ಗಳು, ಹೆಚ್ಚಿದ್ದಲ್ಲಿ ಕೋಶಗಳು ಒಡೆದು ಹೆಚ್ಚುತ್ತಿದ್ದವು. ಜೋಡಿ ಸಕ್ಕರೆ, ಅಂದರೆ ಸುಕ್ರೋಸ್, ಮೇಲುಗೈಯಾದಲ್ಲಿ ಒಡೆಯುವುದು ನಿಂತು ತುಂಬುವುದು ಮೊದಲಾಗುತ್ತಿತ್ತು. ಬಿಡಿ ಸಕ್ಕರೆಯ ಅರ್ಥ ‘ಕಟ್ಟು’. ಜೋಡಿ ಸಕ್ಕರೆಯ ಅರ್ಥ ‘ತುಂಬು’.

ಜೋಡಿಯನ್ನು ಬಿಡಿ ಮಾಡುವ ಕಿಣ್ವಕ್ಕೆ ಇನ್ವರ್ಟೇಸ್ ಎಂದು ಹೆಸರು. ತಾಯಿಗಿಡದ ನಾಳ ಕಾಳಿನ ತಿರುಳಿನೊಳಕ್ಕೆ ನೇರವಾಗಿ ಹೋಗುವುದಿಲ್ಲ. ಪೋಸ್ಟಿನವನು ಹೊಸ್ತಿಲಲ್ಲೇ ನಿಲ್ಲುವಂತೆ ಬುಡದಲ್ಲೇ ನಿಲ್ಲುತ್ತದೆ. ಅಲ್ಲಿ ಇನ್ವರ್ಟೇಸ್ ಕುಳಿತು ನೋಟನ್ನು ಚಿಲ್ಲರೆ ಮಾಡಿ ಒಳಗೆ ಕೊಡುತ್ತದೆ. ಚಿಲ್ಲರೆಯಾದಷ್ಟೂ ಹೊಸ್ತಿಲು ಖಾಲಿಯಾಗುತ್ತದೆ. ಖಾಲಿಯಾದಷ್ಟೂ ಮೇಲಿನಿಂದ ಹೊಸ ನೋಟು ಹರಿದುಬರುತ್ತದೆ.

ಈ ಚಿಲ್ಲರೆಯವನು ಇಲ್ಲದಿದ್ದರೆ? 1946ರಲ್ಲೇ ಅಮೆರಿಕೆಯ ಲೋ ಮತ್ತು ನೆಲ್ಸನ್ ಎಂಬವರು ಮೆಕ್ಕೆಜೋಳದಲ್ಲಿ ಒಂದು ಗಿಡ್ಡ ಕಾಳಿನ ತಳಿಯನ್ನು ಕಂಡು ಅದಕ್ಕೆ ಮಿನಿಯೇಚರ್ ಎಂದು ಹೆಸರಿಟ್ಟಿದ್ದರು. ಗಿಡ ಚೆನ್ನಾಗಿಯೇ ಇದ್ದು ಕಾಳು ಮಾತ್ರ ಏಕೆ ಗಿಡ್ಡವೆಂಬುದು ಅರ್ಧ ಶತಮಾನದ ಹತ್ತಿರ ಒಗಟಾಗಿತ್ತು. 1992ರಲ್ಲಿ ಪ್ರೇಮ್ ಚೌರೆ ಮತ್ತು ಮಿಲ್ಲರ್ ಎಂಬವರು ಆ ಕಾಳಿನ ಹೊಸ್ತಿಲಲ್ಲಿ ಇನ್ವರ್ಟೇಸ್ ಇಲ್ಲವೆಂದು ತೋರಿಸಿದರು. ಕಾಳಿನ ತೂಕ ಸರಿಯಾದ ಕಾಳಿನ ಐದನೆಯ ಒಂದು ಪಾಲಿನಷ್ಟು ಮಾತ್ರ. ಎಲೆ ಕಡಿಮೆ ದುಡಿಯಲಿಲ್ಲ, ನಾಳ ಕಟ್ಟಿಹೋಗಲಿಲ್ಲ. ಹೊಸ್ತಿಲಲ್ಲಿ ನೋಟು ಮುರಿಯುವವನಿಲ್ಲದೆ ಮನೆ ಬಡವಾಯಿತು.

ಭತ್ತದಲ್ಲೂ ಇಂಥದೇ ಕಥೆಯುಂಟು. 2008ರಲ್ಲಿ ಚೀನದ ಶಾಂಘಾಯಿಯ ವಿಜ್ಞಾನಿಗಳು, ಕಾಳು ಸರಿಯಾಗಿ ತುಂಬದ ಒಂದು ಭತ್ತದಲ್ಲಿ ಕೆಟ್ಟಿರುವುದು ಇದೇ ಇನ್ವರ್ಟೇಸಿನ ಒಂದು ವಂಶವಾಹಿ ಎಂದು ಕಂಡರು. ಅದಕ್ಕಿಂತ ಸ್ವಾರಸ್ಯದ ಸಂಗತಿ ಬೇರೆ: ಈ ವಂಶವಾಹಿ ಎಲ್ಲಿ, ಯಾವಾಗ ಕೆಲಸ ಮಾಡಬೇಕೆಂಬ ಏರ್ಪಾಡು ಕಾಡುಭತ್ತದಲ್ಲಿ ಒಂದು ಬಗೆ, ಬೇಸಾಯದ ಭತ್ತದಲ್ಲಿ ಇನ್ನೊಂದು ಬಗೆ. ಸಾವಿರಾರು ವರ್ಷ ನಮ್ಮ ಹಿರಿಯರು, ಅದರಲ್ಲೂ ಮನೆಯ ಹೆಣ್ಣುಮಕ್ಕಳು, ಕಣದಲ್ಲಿ ಕುಳಿತು ‘ಈ ತೆನೆ ಬೀಜಕ್ಕಿರಲಿ’ ಎಂದು ತುಂಬುಗಾಳಿನದನ್ನು ಬೇರೆ ತೆಗೆದಿಟ್ಟರು. ಹೆಸರು ತಿಳಿಯದೆ ಅವರು ಆರಿಸುತ್ತಿದ್ದುದರಲ್ಲಿ ಸಕ್ಕರೆಯ ಈ ಚಿಲ್ಲರೆ ವ್ಯಾಪಾರವೂ ಒಂದು. ಚಿಲ್ಲರೆಯನ್ನು ಕಾಳಿನೊಳಕ್ಕೆ ಸಾಗಿಸುವ ಬಾಗಿಲೊಂದು ಮೆಕ್ಕೆಜೋಳದಲ್ಲಿ 2015ರಲ್ಲಿ ಗೊತ್ತಾಯಿತು. ಅದು ಕೆಟ್ಟರೆ ಕಾಳು ಬರಿಯ ಸಿಪ್ಪೆ. ಅದರ ಮೇಲೂ ಹಳೆಯ ರೈತರ ಆರಿಕೆಯ ಗುರುತಿದೆ.

*

ಇನ್ನು ಕೂಪನ್ನಿನ ವಿಷಯ. ಗಿಡದ ಕೋಶದಲ್ಲಿ ಸುಕ್ರೋಸ್ ಹೆಚ್ಚಿದಾಗ ಅದರೊಡನೆ ಇನ್ನೊಂದು ಸಕ್ಕರೆಯ ಪದಾರ್ಥವೂ ಏರುತ್ತದೆ. ಸುಕ್ರೋಸ್ ತಗ್ಗಿದರೆ ತಗ್ಗುತ್ತದೆ. ಇದರ ಹೆಸರು ಟ್ರೆಹಲೋಸ್-6-ಫಾಸ್ಫೇಟ್. ಹೆಸರು ಬಾಯಿಗೆ ಒರಟು. ನಾವು ‘ಕೂಪನ್ನು’ ಎಂದೇ ಕರೆಯೋಣ. ಸುಕ್ರೋಸ್ ಇರುವುದರ ಸಾವಿರದ ಒಂದು ಪಾಲಿಗೂ ಕಡಿಮೆ ಇದು. ಉಣ್ಣಲು ಏನೇನೂ ಸಾಲದು, ಓದಲು ಬೇಕಾದಷ್ಟಾಯಿತು.

ಓದುವವರು ಯಾರೆಂದರೆ ಕೋಶದೊಳಗಿನ ಒಂದು ಪ್ರೋಟೀನು. ವಿಜ್ಞಾನಿಗಳು ಅದನ್ನು ಸ್ನಾರ್ಕ್-1 ಎನ್ನುತ್ತಾರೆ; ನಮಗೆ ಅದು ಬೀಗದ ಕೈಯ ಅಜ್ಜಿ. ಸಕ್ಕರೆ ಕಡಿಮೆಯಾದಾಗ ಈಕೆ ಎದ್ದು ಕುಳಿತು ಕಟ್ಟಡ ನಿಲ್ಲಿಸುತ್ತಾಳೆ, ಹೊಸ ಖರ್ಚು ಬೇಡವೆನ್ನುತ್ತಾಳೆ, ಇದ್ದುದನ್ನು ಕರಗಿಸಿ ಹೊಟ್ಟೆ ಹೊರೆಯಿರಿ ಎನ್ನುತ್ತಾಳೆ. ಕೂಪನ್ನು ಬಂದು ‘ಗಳಿಕೆ ಚೆನ್ನಾಗಿದೆ’ ಎಂದರೆ ಈಕೆಯ ಕೈ ಸಡಿಲುತ್ತದೆ. ಕೋಶ ಬೆಳೆಯುತ್ತದೆ, ಪಿಷ್ಟ ಕೂಡುತ್ತದೆ. ಕೂಪನ್ನು ಅಜ್ಜಿಯನ್ನು ಸುಮ್ಮನಾಗಿಸುವುದನ್ನು 2009ರಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಸಂಶೋಧನಾಲಯದವರು ತೋರಿಸಿದರು. ಗೋಧಿಯ ಕಾಳಿನಲ್ಲಿ ಈ ಕೂಪನ್ನು ಅತಿ ಹೆಚ್ಚು ಇರುವುದು ಹೂವಾದ ಮೊದಲ ದಿನಗಳಲ್ಲಿ, ಅಂದರೆ ಕಟ್ಟಡದ ಕಾಲದಲ್ಲಿ. ಈ ಅಜ್ಜಿ ಗಿಡಗಳಿಗೆ ಮಾತ್ರ ಸೇರಿದವಳಲ್ಲ. ಬ್ರೆಡ್ಡಿನ ಹಿಟ್ಟು ಉಬ್ಬಿಸುವ ಯೀಸ್ಟಿನಂಥ ಸಣ್ಣ ಜೀವಿಗಳಲ್ಲೂ, ನಮ್ಮ ನಿಮ್ಮ ಮೈಯಲ್ಲೂ ಈಕೆಯ ಅಕ್ಕತಂಗಿಯರಿದ್ದಾರೆ. ಬರಗಾಲಕ್ಕೆ ಬೀಗ ಹಾಕುವ ಬುದ್ಧಿ ಜೀವಲೋಕದಲ್ಲಿ ಬಹಳ ಹಳೆಯದು.

ಪಿಷ್ಟ ಮಾಡುವ ಕೆಲಸಕ್ಕೂ ಸಕ್ಕರೆಯ ಅಪ್ಪಣೆಯೇ ಬೇಕು. 2003ರಲ್ಲಿ ಸ್ವೀಡನ್ನಿನವರು ಬಾರ್ಲಿಯಲ್ಲಿ ಸುಸಿಬಾ-2 ಎಂಬ ಒಂದು ಕಾರಭಾರಿ ಪ್ರೋಟೀನನ್ನು ಕಂಡರು. ಸಕ್ಕರೆಯ ಸುಳಿವು ಸಿಕ್ಕೊಡನೆ ಅದು ಪಿಷ್ಟದ ವಂಶವಾಹಿಗಳನ್ನು ಕೆಲಸಕ್ಕೆ ಎಬ್ಬಿಸುತ್ತದೆ. 2015ರಲ್ಲಿ ಇದನ್ನೇ ಭತ್ತಕ್ಕೆ ಸೇರಿಸಿ ನೋಡಿದಾಗ ಕಾಳಿನಲ್ಲಿ ಪಿಷ್ಟ ಹೆಚ್ಚಿತು; ಬೇರಿಗೆ ಹೋಗುವ ಸಕ್ಕರೆ ಕಡಿಮೆಯಾಗಿ, ಗದ್ದೆಯ ಕೆಸರಿನಲ್ಲಿ ಮಿಥೇನ್ ಎಂಬ ಬಿಸಿಗಾಳಿ ಮಾಡುವ ಸೂಕ್ಷ್ಮಜೀವಿಗಳಿಗೆ ಕೂಳು ತಪ್ಪಿತು. ತೆನೆಗೆ ಒಳ್ಳೆಯ ಸುದ್ದಿ ಮುಟ್ಟಿದರೆ ಆಕಾಶಕ್ಕೂ ಒಂದಿಷ್ಟು ಒಳಿತು.

ಕಾಳು ಮರಳಿ ಮೊಳೆಯುವಾಗ ಇದೇ ಲೆಕ್ಕ ತಿರುಗುಮುರುಗು. ಮೊಳಕೆಯ ಭತ್ತದಲ್ಲಿ ಸಕ್ಕರೆ ಇರುವವರೆಗೆ ಪಿಷ್ಟ ಕರಗಿಸುವ ಕಿಣ್ವದ ಕೆಲವು ವಂಶವಾಹಿಗಳು ಸುಮ್ಮನಿರುತ್ತವೆ. ಸಕ್ಕರೆ ತೀರಿತೆಂದಾಗ ಎಚ್ಚರಗೊಳ್ಳುತ್ತವೆ. ತೈವಾನಿನ ಸು-ಮೇ ಯು ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು 1990ರ ದಶಕದಲ್ಲಿ ಇದನ್ನು ಬಿಡಿಸಿ ತೋರಿಸಿದರು. ಕೈಯಲ್ಲಿರುವ ಜೋಳ ಮುಗಿಯದೆ ಹಗೇವಿನ ಬಾಯಿ ತೆರೆಯಬಾರದೆಂಬ ನಮ್ಮ ಹಳೆಯ ಮನೆಗಳ ಕಟ್ಟಳೆಯೇ ಇದು. ಮೊಳಕೆ ಕಟ್ಟಿ ಹುರಿದು ಬೀಸಿದ ರಾಗಿಯ ಗಂಜಿ ಬೆಲ್ಲವಿಲ್ಲದೆಯೂ ತುಸು ಸಿಹಿಯೆನಿಸುವುದನ್ನು ಬೆಂಗಳೂರು ಕೋಲಾರದ ಕಡೆಯ ನಮ್ಮ ವಾಚಕಿಯರು ಬಲ್ಲರು. ಗಂಟು ಬಿಚ್ಚಿ ಸಿಹಿ ಹೊರಬಂದಿರುತ್ತದೆ.

*

ಈಗ ಅಣ್ಣನ ಪ್ರಶ್ನೆ. ತೆನೆ ಬಂದು ಕಾಳು ಏಕೆ ಕೂಡಲಿಲ್ಲ?

ನೀರು ಕಡಿಮೆಯಾದರೆ ಎಲೆ ತನ್ನ ಬಾಯಿ ಮುಚ್ಚಿಕೊಳ್ಳುತ್ತದೆ. ನೀರು ಉಳಿಯುತ್ತದೆ, ಆದರೆ ಸಕ್ಕರೆಯ ಗಳಿಕೆ ನಿಲ್ಲುತ್ತದೆ. ಅದು ಹೂವಿನ ಕಾಲವಾದರೆ, ಎಳೆಯ ಕಾಳಿನ ಹೊಸ್ತಿಲಿಗೆ ಬರುವ ಸಕ್ಕರೆ ತಗ್ಗುತ್ತದೆ. ತಗ್ಗಿದ್ದು ಕಂಡು ಇನ್ವರ್ಟೇಸೂ ಕೈಕಟ್ಟುತ್ತದೆ. ಕೂಪನ್ನಿನಲ್ಲಿ ಕೆಟ್ಟ ಸುದ್ದಿ ಬರುತ್ತದೆ. ಅಜ್ಜಿ ಬೀಗ ಹಾಕುತ್ತಾಳೆ. ಎಲ್ಲರನ್ನೂ ಅರೆಹೊಟ್ಟೆಯಲ್ಲಿಡುವ ಬದಲು ಕೆಲವರನ್ನು ಬಿಟ್ಟು ಕೆಲವರನ್ನು ಉಳಿಸುವ ತೀರ್ಮಾನ ಅದು. ಗಿಡ ಸತ್ತಿಲ್ಲ, ಬೇರಿನಲ್ಲಿ ಇನ್ನೂ ಒಂದಿಷ್ಟು ಜೀವವಿದೆ. ಆದರೂ ಕಾಳು ಕೈಬಿಟ್ಟುಹೋಗುತ್ತದೆ.

ಇದು ಬರಿಯ ಊಹೆಯಲ್ಲ. ಜಾನ್ ಬಾಯರ್ ಎಂಬ ಅಮೆರಿಕದ ವಿಜ್ಞಾನಿಯೂ ಸಂಗಡಿಗರೂ 1991ರಲ್ಲಿ ಒಂದು ಸೊಗಸಾದ ಪ್ರಯೋಗ ಪ್ರಕಟಿಸಿದರು. ನಮ್ಮ ಜೋಳಕ್ಕೆ ದಾಯಾದಿಯಾದ ಮೆಕ್ಕೆಜೋಳಕ್ಕೆ ಹೂವಿನ ಕಾಲದಲ್ಲಿ ನೀರು ನಿಲ್ಲಿಸಿದರು. ಬರೀ ಹಾಗೆ ಬಿಟ್ಟ ಗಿಡಗಳಲ್ಲಿ ಕಾಳು ಕೂಡಲಿಲ್ಲ. ಇನ್ನು ಕೆಲವು ಗಿಡಗಳ ದಂಟಿನೊಳಕ್ಕೆ ಆಸ್ಪತ್ರೆಯಲ್ಲಿ ಸಲಾಯಿನ್ ಕೊಡುವಂತೆ ಸಕ್ಕರೆ ಮೊದಲಾದ ಪೋಷಕಗಳ ದ್ರಾವಣ ಹನಿಸಿದರು. ಗಿಡ ಬಾಯಾರಿಯೇ ಇತ್ತು; ಆದರೂ ಕಾಳು ಉಳಿಯಿತು! ಆಮೇಲೆ ಬರೀ ಸುಕ್ರೋಸ್ ಕೊಟ್ಟು ನೋಡಿದಾಗಲೂ ಪೂರ್ತಿ ಅಲ್ಲದಿದ್ದರೂ ಒಂದು ಪಾಲು ಕಾಳು ಉಳಿಯಿತು. ನೀರಿಲ್ಲದ್ದರಿಂದ ಮಾತ್ರ ಕಾಳು ಸತ್ತದ್ದಲ್ಲ. ಸಕ್ಕರೆ ಬರಲಿಲ್ಲ, ಸಕ್ಕರೆಯ ಸುದ್ದಿಯೂ ಬರಲಿಲ್ಲ ಎಂದು ಸತ್ತದ್ದು. ಇದರಲ್ಲಿ ವೇಳೆಯೇ ಮುಖ್ಯ. ಬೀಗ ಬಿದ್ದು ಕೆಲವು ದಿನ ಕಳೆದ ಮೇಲೆ ಮಳೆ ಬಂದರೆ ಎಲೆ ಹಸಿರಾದೀತು, ದಂಟು ಚೇತರಿಸೀತು. ಬಿಟ್ಟುಹೋದ ಕಾಳು ಮರಳುವುದಿಲ್ಲ.

ತಿಳಿದವರು ಈ ತಿಳಿವನ್ನು ಹೊಲಕ್ಕೆ ತರಲು ಹೊರಟಿದ್ದಾರೆ. 2015ರಲ್ಲಿ ಮೆಕ್ಕೆಜೋಳದ ಎಳೆಯ ತೆನೆಯಲ್ಲಿ ಮಾತ್ರ ಕೂಪನ್ನಿನ ಪ್ರಮಾಣ ಬದಲಾಗುವಂತೆ ಭತ್ತದ ಒಂದು ವಂಶವಾಹಿ ಸೇರಿಸಿದಾಗ, ನೀರು ಸಾಕಷ್ಟಿದ್ದಾಗಲೂ ಬರವಿದ್ದಾಗಲೂ ಇಳುವರಿ ಹೆಚ್ಚಿತು. 2016ರಲ್ಲಿ ರಾಥಮ್‌ಸ್ಟೆಡ್ ಮತ್ತು ಆಕ್ಸ್‌ಫರ್ಡಿನವರು, ವಂಶವಾಹಿಯ ಗೊಡವೆಯೇ ಇಲ್ಲದೆ, ಗಿಡದೊಳಕ್ಕೆ ಹೋಗಿ ಬಿಸಿಲಿಗೆ ಬಿಚ್ಚಿಕೊಂಡು ಕೂಪನ್ನಾಗುವ ಒಂದು ಸಿಂಪಡಣೆಯನ್ನು ಗೋಧಿಯ ಮೇಲೆ ನೋಡಿದರು, ಕಾಳು ದಪ್ಪವಾಯಿತು. ಆಮೇಲೆ ಅರ್ಜೆಂಟೀನ ಮತ್ತು ಮೆಕ್ಸಿಕೋದ ಹೊಲಗಳಲ್ಲಿ ನಡೆದ ಪರೀಕ್ಷೆಗಳಲ್ಲಿ ಸರಾಸರಿ ಶೇಕಡಾ 10ರಷ್ಟು ಹೆಚ್ಚು ಗೋಧಿ ಬಂತೆಂದು 2025ರಲ್ಲಿ ವರದಿಯಾಯಿತು. ನಮ್ಮ ಹಿಂಗಾರಿ ಜೋಳಕ್ಕೆ ಹತ್ತಿರದ ದಾರಿ ಇನ್ನೊಂದು. ಕೊನೆಗಾಲದ ಬರದಲ್ಲೂ ಎಲೆ ಬೇಗ ಒಣಗದೆ ಹಸಿರಾಗಿ ನಿಂತು ಗಳಿಕೆ ಮುಂದುವರಿಸುವ ಜೋಳಗಳುಂಟು. ಆ ಗುಣವನ್ನು ಬೇರೆ ತಳಿಗಳಿಗೆ ತರುವ ಕೆಲಸ ಹೈದರಾಬಾದಿನ ಬಳಿಯ ಪಟಾಂಚೆರುವಿನ ಇಕ್ರಿಸ್ಯಾಟಿನಲ್ಲಿ ನಡೆದಿದೆ. ಇವೆಲ್ಲ ಒಳ್ಳೆಯವೇ. ಆದರೆ ಕೂಪನ್ನು ಎಷ್ಟು ಚೆನ್ನಾಗಿ ಬರೆದರೂ ಹಿಂದೆ ಹಣವಿರಬೇಕು. ನೆಲದಲ್ಲಿ ಹಸಿಯೇ ಇಲ್ಲದಿದ್ದರೆ ಯಾವ ಸಿಂಪಡಣೆಯೂ ಕಾಳು ಹುಟ್ಟಿಸದು. ಒಡ್ಡು ಹಾಕಿ, ಹರಗಿ, ಮಳೆನೀರು ನೆಲಕ್ಕೆ ಇಳಿಸುವ ಹಳೆಯ ಬುದ್ಧಿಯನ್ನು ಯಾರೂ ಬಿಡಬೇಕಾಗಿಲ್ಲ.

*

ಬಂಡಿಯ ವಿಷಯ ಹೇಳುತ್ತೇವೆಂದಿದ್ದೆವು. ಜೊಳ್ಳಿನ ವರ್ಷ ಅಣ್ಣನಿಗೆ ಸಾಲದ ಕಂತು ಕಟ್ಟುವುದಿತ್ತು. ಅವನು ಕೇಳಲಿಲ್ಲ, ನಾವು ವಿಚಾರಿಸಲಿಲ್ಲ. ‘ಕಾಳು ಬರಲಿಲ್ಲ’ ಎಂಬ ಒಂದು ಮಾತಿನಲ್ಲಿ ಎಲ್ಲ ಇತ್ತು, ಓದುವವರಿಗೆ ಬೇಕಲ್ಲ? ಮಗಳ ಶಾಲೆಯ ಫೀಸು, ಮನೆಯ ಕಂತು ಎಂದು ಲೆಕ್ಕ ಹಾಕಿ, ಮಾರ್ಚಿ ತಿಂಗಳಲ್ಲಿ ಮೊಬೈಲಿನ ಮೇಲೆ ಬೆರಳಾಡಿಸಿ ಒಂದಿಷ್ಟು ಹಣ ಕಳಿಸಿದೆವು. ಅಷ್ಟರಲ್ಲಿ ಅವನು ಸಂಕ್ರಾಂತಿಯ ಮರುವಾರವೇ ಎತ್ತುಗಳನ್ನು ಮಾರಿಯಾಗಿತ್ತು. ನಾವು ಕಳಿಸಿದ ಹಣ ಸಣ್ಣದಲ್ಲ. ಹೊತ್ತು ಮೀರಿ ಬಂದದ್ದು. ಅದರ ಸಂಗಡ ಎರಡು ಸಾಲೂ ಇರಲಿಲ್ಲ. ಈಗಿನ ಮೊಬೈಲಿನಲ್ಲಿಯೂ ಬರೆಯಲು ಜಾಗವಿರುತ್ತದೆ, ನಾವು ಬರೆಯುವುದಿಲ್ಲ.

ಈ ಲೇಖನ ಬರೆದು ಮುಗಿಸಿದ ರಾತ್ರಿ ಅಣ್ಣನಿಗೆ ಫೋನು ಮಾಡಿ, ಎಲೆ, ಹೊಸ್ತಿಲು, ಕೂಪನ್ನು, ಅಜ್ಜಿ ಎಲ್ಲವನ್ನೂ ಹೇಳಿದೆವು. ನಡುವೆ ಅವನು ಹೂಂಗುಟ್ಟುತ್ತಿದ್ದ. ಕೊನೆಗೆ, “ಹಂಗಾರ ಅದು ಹುಚ್ಚುಹುಚ್ಚಾಗಿ ಬಿಟ್ಟದ್ದಲ್ಲ. ಲೆಕ್ಕಾ ಹಾಕಿ ಬಿಟ್ಟೈತಿ” ಎಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾನೂ ಎತ್ತ ಹಂಗs ಮಾರೀನಿ” ಎಂದ.

ಎತ್ತಿನ ವಿಷಯ ಅವನು ನಮ್ಮೊಡನೆ ಬಾಯಿಬಿಟ್ಟು ಆಡಿದ್ದು ಅದೇ ಮೊದಲು. ಮುಂದಿನ ಹಿಂಗಾರಿಯ ಮೊದಲೇ ಏನು ಬೇಕು, ಎಷ್ಟು ಬೇಕು ಎಂಬ ಮಾತನ್ನೂ ಅಂದೇ ಆಡಿ ಮುಗಿಸಿದೆವು. ಊರಲ್ಲಿ ಅಣ್ಣನೋ ತಮ್ಮನೋ ಹೊಲ ನೋಡಿಕೊಂಡಿದ್ದು, ತಾವು ಮುಂಬಯಿ ಪುಣೆಗಳಲ್ಲಿ ಗಳಿಸುವ ವಾಚಕರು ನಮ್ಮಲ್ಲಿ ಬಹಳ ಮಂದಿ. ಅವರಿಗೆ ನಮ್ಮದೊಂದು ವಿನಂತಿ: ಕಳಿಸುವುದಿದ್ದರೆ ಹೂವಿನ ಕಾಲಕ್ಕೆ ಕಳಿಸಿರಿ; ಎರಡು ಸಾಲು ಬರೆದು ಕಳಿಸಿರಿ.

ಮಗಳು ತನ್ನ ಶಾಲೆಯ ಗೆಳತಿಯರೈದು ಜನರನ್ನು ಕೂರಿಸಿ ಜೋಳದ ರೊಟ್ಟಿ ಅಗಿಯುವ ಪ್ರಯೋಗ ಮಾಡಿಸಿದಳು. ನಾಲ್ವರಿಗೆ ಸಿಹಿ ಹತ್ತಿತು. ಐದನೆಯವಳು ಅಷ್ಟು ಹೊತ್ತು ಕಾಯಲಾರದೆ ನುಂಗಿಬಿಟ್ಟು, ಇನ್ನೊಂದು ರೊಟ್ಟಿ ಕೇಳಿದಳಂತೆ. ನಿಮ್ಮ ಮನೆಯ ಮಕ್ಕಳ ಫಲಿತಾಂಶವನ್ನು ಮುಂದಿನ ಸಂಚಿಕೆಯೊಳಗೆ ಬರೆದು ತಿಳಿಸಿರಿ.